ಪಾಲಯ್ಯನವರ ಹಳೇ ಚಾರ್ಜರ್

ಮನೆಗಳಿಗೆ ತಂತಿ ಎಳೆಯುವುದನ್ನು ಸರ್ಕಾರ ಕೈಬಿಟ್ಟು ಒಂದು ತಲೆಮಾರೇ ಕಳೆದಿತ್ತು. ವರ್ಷವರ್ಷವೂ ಬೀಸುವ ಬಿರುಗಾಳಿಗೆ ಕಂಬಗಳು ಉರುಳುವುದು, ಎತ್ತಿ ನಿಲ್ಲಿಸಿದ್ದು ಮತ್ತೆ ಉರುಳುವುದು, ಇದೇ ಆಗಿ ಕೊನೆಗೆ ಎಲ್ಲರಿಗೂ ಸಾಕಾಗಿಹೋಗಿತ್ತು. ಈಗ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಕರೆಂಟು ನೆಲದಡಿಯ ಕೇಬಲ್ಲಿನಲ್ಲಿ ಬಡಾವಣೆಗೊಂದರಂತೆ ಕಟ್ಟಿದ ಕಟ್ಟಡಕ್ಕೆ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಜನ ಅದನ್ನು ಕರೆಂಟ್ ಮನೆ ಎನ್ನುತ್ತಿದ್ದರು. ಹಿಂದಿನವರು ಬೀದಿ ನಲ್ಲಿಯಿಂದ ಕೊಡದಲ್ಲಿ ನೀರು ತಂದ ಹಾಗೆ ಇವರು ಕರೆಂಟ್ ಮನೆಯಿಂದ ತಗಡಿನ ಡಬ್ಬದಲ್ಲಿ ಬೆರಳುದ್ದದ ಲಿಥಿಯಂ ಸೆಲ್ಲುಗಳನ್ನು ತುಂಬಿಕೊಂಡು ಹೋಗುತ್ತಿದ್ದರು. ಮನೆಯ ದೀಪ, ಫ್ಯಾನು, ಮಿಕ್ಸಿ ಎಲ್ಲ ಅದರಿಂದಲೇ. ಖಾಲಿಯಾದದ್ದನ್ನು ವಾಪಸ್ಸು ಕೊಟ್ಟು ತುಂಬಿದ್ದನ್ನು ತರಬೇಕು, ಇಲ್ಲವೇ ಮನೆಗೊಂದರಂತೆ ಕೊಟ್ಟ ದೊಡ್ಡ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ ಮನೆಯಲ್ಲೇ ತುಂಬಿಸಿಕೊಳ್ಳಬೇಕು. ಎಲ್ಲ ಮನೆಗೂ ಸೆಲ್ಲುಗಳ ಪಾಲು ಒಂದೇ.

ಹೊಂಡದ ಬಡಾವಣೆಯ ಕರೆಂಟ್ ಮನೆಗೆ ಯಶೋಮತಿ ಮುಖ್ಯಸ್ಥೆ. ಆ ಹುದ್ದೆಗೆ ಬರುವ ಮೊದಲು ಅವಳು ಬ್ಯಾಟರಿಗಳ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿದವಳು. ಸೆಲ್ಲು ಯಾಕೆ ಬೆಂಕಿ ಹಿಡಿಯುತ್ತದೆ ಎಂಬುದೇ ಅಲ್ಲಿ ಅವಳ ವಿಷಯವಾಗಿತ್ತು. ಹೊಸದಾಗಿ ಡಬ್ಬ ಪಡೆಯುವ ಮನೆಯವರನ್ನು ಕೂರಿಸಿಕೊಂಡು ಅವಳೇ ಪಾಠ ಹೇಳುತ್ತಿದ್ದಳು. ಮೇಲಿನ ತೊಟ್ಟಿಯನ್ನೂ ಕೆಳಗಿನ ತೊಟ್ಟಿಯನ್ನೂ ಕೊಳವೆಯಿಂದ ಸೇರಿಸಿದರೆ ಮೇಲಿನ ನೀರು ರಭಸವಾಗಿ ಕೆಳಕ್ಕೆ ನುಗ್ಗುತ್ತದಲ್ಲ, ತುಂಬಿದ ಸೆಲ್ಲಿನ ಪಕ್ಕ ಖಾಲಿ ಸೆಲ್ಲು ಜೋಡಿಸಿದರೂ ಹಾಗೆಯೇ. ಮಧ್ಯೆ ತಡೆಯುವವರು ಯಾರೂ ಇಲ್ಲ, ಚಾರ್ಜರಿಗೂ ಗೊತ್ತಾಗುವುದಿಲ್ಲ, ಖಾಲಿ ಸೆಲ್ಲು ಅಷ್ಟನ್ನು ಒಮ್ಮೆಲೇ ನುಂಗಲಾರದೆ ಕಾಯುತ್ತದೆ, ಒಳಗಿನ ಪದರ ಕರಗುತ್ತದೆ, ಆಮೇಲೆ ನೀರು ಹಾಕಿದರೂ ಆರುವುದಿಲ್ಲ ಎಂದು ವಿವರಿಸುತ್ತಿದ್ದಳು. ಆದ್ದರಿಂದ ಒಂದೊಂದನ್ನೂ ಅಳೆಯಬೇಕು, ಸಮ ಇದ್ದದ್ದನ್ನು ಮಾತ್ರ ಜೊತೆ ಮಾಡಬೇಕು, ಮರಳು ತುಂಬಿದ ತಟ್ಟೆಯ ಮೇಲಿಡಬೇಕು, ಚಾರ್ಜ್ ಆಗುವಷ್ಟು ಹೊತ್ತೂ ಪಕ್ಕದಲ್ಲೇ ಕೂತಿರಬೇಕು. ಅವಳು ಬಂದ ಮೇಲೆ ಬಡಾವಣೆಯಲ್ಲಿ ಒಂದು ಮನೆಯೂ ಸುಟ್ಟಿರಲಿಲ್ಲ. ಬೇರೆ ಬಡಾವಣೆಗಳವರೂ ಅವಳ ಧ್ವನಿಯನ್ನೇ ಧ್ವನಿಮುದ್ರಿಸಿಕೊಂಡು ಹೋಗಿ ತಮ್ಮ ಕರೆಂಟ್ ಮನೆಗಳಲ್ಲಿ ಬೆಳಗ್ಗೆ ಬೆಳಗ್ಗೆ ಹಾಕುತ್ತಿದ್ದರು.

ಅವಳ ಮನೆಯಲ್ಲಿ ಗಂಡ ತಿಪ್ಪೇಶ, ಮಾವ ಪಾಲಯ್ಯನವರು. ಪಾಲಯ್ಯನವರು ವಯಸ್ಸಿನಲ್ಲಿದ್ದಾಗ ಮದುವೆಗಳ ಡ್ರೋನ್ ಕ್ಯಾಮೆರಾ ರಿಪೇರಿ ಮಾಡುತ್ತಿದ್ದವರು. ಹೊಳಲ್ಕೆರೆ ರಸ್ತೆಯಲ್ಲಿ ಅವರದೊಂದು ಅಂಗಡಿಯಿತ್ತು. ಅಂಗಡಿ ಮುಚ್ಚಿದಾಗ ಅವರು ಮನೆಗೆ ತಂದದ್ದು ಒಂದೇ ವಸ್ತು: ಆಟದ ವಿಮಾನ ಹಾರಿಸುವವರು ಬಳಸುತ್ತಿದ್ದ, ಅಂಗೈಯಗಲದ ಹಳೇ ಹಾಬಿ ಚಾರ್ಜರ್. ಯಾವ ಜಾತಿಯ ಸೆಲ್ಲು, ಎಷ್ಟು ಸೆಲ್ಲು, ಎಷ್ಟು ವೇಗ ಎಲ್ಲವನ್ನೂ ಮನುಷ್ಯರೇ ಗುಂಡಿ ಒತ್ತಿ ಹೇಳಬೇಕು. ಹೇಳಿದ್ದು ತಪ್ಪಾದರೆ ತಪ್ಪನ್ನೇ ನಿಷ್ಠೆಯಿಂದ ಮಾಡುತ್ತದೆ. ಹೊಸ ಚಾರ್ಜರುಗಳಂತೆ ಅದು ಕರೆಂಟ್ ಮನೆಗೆ ಸುದ್ದಿ ಕಳಿಸುವುದೂ ಇಲ್ಲ. ಈಚೆಗೆ ಪಾಲಯ್ಯನವರ ನೆನಪು ಸಡಿಲವಾಗತೊಡಗಿತ್ತು. ಊಟ ಮಾಡಿದ್ದು ಮರೆಯುತ್ತಿದ್ದರು, ತೀರಿಹೋದ ಹೆಂಡತಿ ತವರಿಗೆ ಹೋಗಿದ್ದಾಳೆ ಅಂದುಕೊಳ್ಳುತ್ತಿದ್ದರು. ಒಮ್ಮೆ ಆ ಚಾರ್ಜರನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯಿಂದ ಒರೆಸುತ್ತಿದ್ದುದನ್ನು ಕಂಡ ಯಶೋಮತಿ, ಪಕ್ಕದ ಮನೆಯವರು ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ, ಮತ್ತೆ ಇದನ್ನು ಮುಟ್ಟಿದರೆ ಬೀರುವಿಗೆ ಬೀಗ ಹಾಕುತ್ತೇನೆ ಎಂದಿದ್ದಳು. ಅವರು ಕೈ ಹಿಂದಕ್ಕೆ ಎಳೆದುಕೊಂಡಿದ್ದರು.

ಆ ಬೇಸಿಗೆಯಲ್ಲಿ ತಿಪ್ಪೇಶನ ಅಕ್ಕ ಗಿರಿಜಕ್ಕ ತನ್ನ ಹೊಸ ಬೀಗರನ್ನು ಕರೆದುಕೊಂಡು ಊಟಕ್ಕೆ ಬರುತ್ತೇನೆ ಎಂದು ಹೇಳಿ ಕಳಿಸಿದಳು. ಹಿಂದಿನ ಸಲ ಗಿರಿಜಕ್ಕ ಬಂದಾಗ ಊಟದ ನಡುವೆ ಸೆಲ್ಲು ಮುಗಿದು ಕೂಲರ್ ನಿಂತುಹೋಗಿ, ಬಂದವರು ಬೆವರು ಒರೆಸಿಕೊಳ್ಳುತ್ತ ಸೆರಗಿನಲ್ಲಿ ಗಾಳಿ ಹಾಕಿಕೊಂಡಿದ್ದರು. ಕರೆಂಟ್ ಮನೆ ನಡೆಸುವವಳ ಮನೇಲೇ ಕರೆಂಟಿಲ್ಲವಲ್ಲ ಎಂದು ಯಾರೋ ನಕ್ಕಿದ್ದರು. ತಮಾಷೆಗೆ ಹೇಳಿದ ಮಾತು. ಆದರೂ ಅದು ಯಶೋಮತಿಗೆ ಚುಚ್ಚಿಕೊಂಡೇ ಇತ್ತು. ಹೆಚ್ಚಿನ ಪಾಲು ಕೇಳುವಂತಿರಲಿಲ್ಲ, ಆ ನಿಯಮ ಮಾಡಿದವಳು ಅವಳೇ. ಆದರೆ ಕರೆಂಟ್ ಮನೆಯ ಮೂಲೆಯಲ್ಲಿ ತಿರಸ್ಕರಿಸಿದ ಸೆಲ್ಲುಗಳ ತೊಟ್ಟಿಯೊಂದಿತ್ತು. ಒಳಗೊಳಗೇ ಸೋರುವವು, ಬಹುಕಾಲ ಪೂರ್ತಿ ಖಾಲಿ ಬಿದ್ದಿದ್ದು ಮತ್ತೆ ಚಾರ್ಜ್ ಹಿಡಿದವು, ಗುಂಪಿನಲ್ಲಿ ಹೊಂದಿಕೊಳ್ಳದವು ಅಲ್ಲಿ ಬಿದ್ದಿರುತ್ತಿದ್ದವು. ಪುಡಿಮಾಡಲು ಒಯ್ಯುವ ಲಾರಿ ಬರುವ ಮುಂಚೆ ಯಶೋಮತಿ ಅದರಿಂದ ಒಂದು ಹಿಡಿ ತೆಗೆದು ಊಟದ ಡಬ್ಬಿಗೆ ಹಾಕಿಕೊಂಡಳು. ಹೇಗಿದ್ದರೂ ಪುಡಿಯಾಗುವ ಮಾಲು, ಇದರಿಂದ ಯಾರ ಪಾಲೂ ಕಡಿಮೆಯಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಭಾನುವಾರ ಬೆಳಗ್ಗೆ ತಿಪ್ಪೇಶ ನೆಂಟರನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದ. ಪಾಲಯ್ಯನವರು ತಮ್ಮ ಕೋಣೆಯಲ್ಲಿ ಮಲಗಿದ್ದರು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು, ಹೋಳಿಗೆಯ ಹೂರಣ ಇನ್ನೂ ರುಬ್ಬಬೇಕಿತ್ತು. ಹೊಸ ಚಾರ್ಜರಿಗೆ ಹಾಕಿದರೆ ಕರೆಂಟ್ ಮನೆಯಲ್ಲಿ ಗೊತ್ತಾಗುತ್ತದೆಂದು ಯಶೋಮತಿ ಬೀರುವಿನಿಂದ ಮಾವನ ಹಳೇ ಚಾರ್ಜರ್ ತೆಗೆದಳು. ಮನೆಯ ದೊಡ್ಡ ಬ್ಯಾಟರಿಗೆ ಅದನ್ನು ಸಿಕ್ಕಿಸಿ, ಸೆಲ್ಲುಗಳನ್ನು ಒಂದೊಂದಾಗಿ ಕೂರಿಸಹೊರಟಳು. ಒಂದೊಂದನ್ನೇ ಅಳೆದು, ಒಂದೊಂದನ್ನೇ ತುಂಬಿಸಿದರೆ ಮಧ್ಯಾಹ್ನ ಕಳೆದುಹೋಗುತ್ತದೆ. ಅಳೆಯುವ ಮೀಟರ್ ಪಕ್ಕದ ಖಾನೆಯಲ್ಲೇ ಇತ್ತು. ಅವಳು ಅದರ ಕಡೆ ನೋಡಿದಳು ಕೂಡ. ಆಮೇಲೆ ಅಷ್ಟನ್ನೂ ಒಟ್ಟಿಗೆ ಪಕ್ಕಪಕ್ಕ ಜೋಡಿಸಿ, ವೇಗದ ಗುಂಡಿಯನ್ನು ಮೇಲಕ್ಕೆ ಒತ್ತಿ, ನಡುಮನೆಯ ಹೊಲಿಗೆ ಯಂತ್ರದ ಮರದ ಹಲಗೆಯ ಮೇಲೆ ಇಟ್ಟಳು. ಮರಳಿನ ತಟ್ಟೆ ಹಿತ್ತಲಲ್ಲಿತ್ತು. ಹೂರಣ ರುಬ್ಬಿಟ್ಟು ಬಂದು ಪಕ್ಕದಲ್ಲೇ ಕೂರುತ್ತೇನೆ ಅಂದುಕೊಂಡಳು.

ಅಷ್ಟರಲ್ಲಿ ಕರೆಂಟ್ ಮನೆಯಿಂದ ಕರೆ ಬಂತು. ನಿಯಂತ್ರಣ ಕೋಣೆಯಲ್ಲಿ ಅವಳ ಜೊತೆ ಕೆಲಸ ಮಾಡುವ ಫೈರೋಜಾ, ಗುಡ್ಡದ ಮೇಲೆ ಗಾಳಿ ಇದ್ದಕ್ಕಿದ್ದಂತೆ ಜೋರಾಗಿದೆ, ಒಳಬರುವ ಕರೆಂಟು ಏರುತ್ತಿದೆ, ಬೇಗ ಬಂದರೆ ಒಳ್ಳೆಯದು ಎಂದಳು. ಯಶೋಮತಿ ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಒಲೆ ಆರಿಸಲು ನೆನಪಿತ್ತು.

ನಿಯಂತ್ರಣ ಕೋಣೆಯ ಗೋಡೆಯ ತುಂಬ ಬಡಾವಣೆಯ ನಕ್ಷೆ. ಯಾವ ಮನೆಯಲ್ಲಿ ಏನು ಚಾರ್ಜ್ ಆಗುತ್ತಿದ್ದರೂ ಅಲ್ಲೊಂದು ಹಸಿರು ಚುಕ್ಕೆ. ಯಾವುದಾದರೂ ಸೆಲ್ಲು ಬಿಸಿಯಾದರೆ ಚುಕ್ಕೆ ಹಳದಿಯಾಗುತ್ತದೆ, ಇಲ್ಲಿಂದಲೇ ಅದನ್ನು ನಿಲ್ಲಿಸಬಹುದು. ಇಬ್ಬರೂ ಸೇರಿ ಹೆಚ್ಚಾದ ಕರೆಂಟನ್ನು ನೀರೆತ್ತುವ ಪಂಪುಗಳಿಗೆ ತಿರುಗಿಸಿ ಸಮಕ್ಕೆ ತಂದರು. ಗೋಡೆಯ ತುಂಬ ಹಸಿರೇ. ಫೈರೋಜಾ ಹಣೆ ಒರೆಸಿಕೊಂಡು ಚಹಾ ತರಿಸಿದಳು. ಲೋಟ ಕೈಗೆ ತೆಗೆದುಕೊಂಡ ಯಶೋಮತಿಯ ಕಣ್ಣು ತನ್ನ ಬೀದಿಯ ಮೇಲೆ ಬಿತ್ತು. ಅವಳ ಮನೆಯ ಜಾಗದಲ್ಲಿ ಯಾವ ಚುಕ್ಕೆಯೂ ಇರಲಿಲ್ಲ. ಇರುವಂತೆಯೂ ಇರಲಿಲ್ಲ, ಹಳೇ ಚಾರ್ಜರ್ ಸುದ್ದಿ ಕಳಿಸುವುದಿಲ್ಲವಲ್ಲ. ಅವಳು ಲೋಟ ಕೆಳಗಿಡುವಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತಿದ್ದರು.

ಮನೆ ಉಳಿದಿತ್ತು. ಹೊಲಿಗೆ ಯಂತ್ರದ ಹಲಗೆ ಕರಿಕಾಗಿತ್ತು, ಕಿಟಕಿಯ ಪರದೆ ಸುಟ್ಟಿತ್ತು, ಗೋಡೆಗೆ ಮಸಿ ಹತ್ತಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸೆಲ್ಲುಗಳ ಗುಂಪು ಇನ್ನೂ ಹೊಗೆಯಾಡುತ್ತಿತ್ತು. ಪಾಲಯ್ಯನವರು ಬುಸುಗುಡುವ ಸದ್ದಿಗೆ ಎದ್ದು ಬಂದವರು ಉರಿಯುತ್ತಿದ್ದ ಗುಂಪನ್ನು ಬರಿಗೈಯಲ್ಲಿ ಎತ್ತಿಕೊಂಡು ಅಷ್ಟು ದೂರ ನಡೆದು ಹೊರಗೆ ಎಸೆದಿದ್ದರು. ಈಗ ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಯಾರೋ ಅವರ ಎರಡೂ ಕೈಗಳನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ ಹಿಡಿದಿದ್ದರು. ಅಂಗೈಗಳ ಚರ್ಮ ಸುಲಿದುಬಂದಿತ್ತು. ಸೊಸೆಯನ್ನು ಕಂಡದ್ದೇ ಅವರು ಮುಖ ತಗ್ಗಿಸಿದರು.

"ನಂದೇ ತಪ್ಪು ಕಣಮ್ಮ," ಎಂದರು. "ಮುಟ್ಬೇಡ ಅಂತ ಹೇಳಿದ್ದೆ ನೀನು. ಯಾವಾಗ ಮುಟ್ಟಿದ್ನೋ, ನೆಪ್ಪೇ ಇಲ್ಲ."

ಸುತ್ತ ಬೀದಿಯ ಜನ ನಿಂತಿದ್ದರು. ಅವಳು ಬಾಯಿ ತೆರೆದಳು. ಆ ಹೊತ್ತಿಗೆ ಪಕ್ಕದ ಮನೆಯಾಕೆ, ಹೋಗಲಿ ಬಿಡಿ ಅಜ್ಜಾರೆ, ವಯಸ್ಸಾದ ಮೇಲೆ ಇವೆಲ್ಲ ಆಗೋದೇ ಎಂದರು. ಯಶೋಮತಿ ತೆರೆದ ಬಾಯಿಯಿಂದ, ಆಸ್ಪತ್ರೆಗೆ ಹೋಗೋಣ ಮಾವ, ಎಂದಷ್ಟೇ ಹೇಳಿದಳು. ಆಸ್ಪತ್ರೆಯಲ್ಲಿ ಹೇಳಿದರಾಯಿತು ಅಂದುಕೊಂಡಳು. ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ಪಾಲಯ್ಯನವರು ಅದೇ ಮಾತು ಹೇಳಿದರು. ತಿಪ್ಪೇಶ ಓಡಿ ಬಂದಾಗ ಅವನಿಗೂ ಹೇಳಿದರು. ಪ್ರತಿಸಲ ಹೇಳುವಾಗಲೂ ಅವರಿಗೆ ಅದು ಇನ್ನಷ್ಟು ಖಚಿತವಾಗುತ್ತ ಹೋಯಿತು. ತಾವು ಬೀರು ತೆಗೆದದ್ದು, ಗುಂಡಿ ಒತ್ತಿದ್ದು ಎಲ್ಲ ಕಣ್ಣಿಗೆ ಕಟ್ಟಿದಂತೆ ವಿವರಿಸತೊಡಗಿದರು. ಆ ವಿವರಗಳನ್ನು ಕೇಳುತ್ತ ಯಶೋಮತಿಗೆ ನಾಚಿಕೆಯ ಜೊತೆಗೆ ಒಂದು ನಿರಾಳವೂ ಆಯಿತು. ಆ ನಿರಾಳವೇ ಅವಳನ್ನು ಹೆಚ್ಚು ಹೆದರಿಸಿತು.

ಆಮೇಲೆ ಹೇಳುವುದು ಕಷ್ಟವಾಗುತ್ತ ಹೋಯಿತು. ನೆಂಟರು ಹಣ್ಣು ಹಿಡಿದುಕೊಂಡು ಬಂದು ನೋಡಿದರು. ಗಿರಿಜಕ್ಕ ತಂದೆಯ ತಲೆ ಸವರಿ, ಮಕ್ಕಳಿಗೆ ಹೇಳುವ ಧ್ವನಿಯಲ್ಲಿ, ಇನ್ಮುಂದೆ ಹಾಗೆಲ್ಲ ಮಾಡಬಾರದು ಎಂದಳು. ಅಪ್ಪ ಸೆಲ್ಲುಗಳ ಹತ್ತಿರ ಹೋಗದಿರಲಿ ಎಂದು ತಿಪ್ಪೇಶ ಅಡುಗೆಮನೆ ಮತ್ತು ನಡುಮನೆಯ ನಡುವಿನ ಬಾಗಿಲಿಗೆ ಬೀಗ ಹಾಕಿಸಿದ. ಅಪ್ಪನನ್ನು ಹಗಲು ಹೊತ್ತು ಎಲ್ಲಾದರೂ ನೋಡಿಕೊಳ್ಳುವ ಜಾಗದಲ್ಲಿ ಬಿಡುವುದು ಒಳ್ಳೆಯದಲ್ಲವೇ ಎಂದು ಹೆಂಡತಿಯನ್ನು ಕೇಳಿದ. ಅವಳು ನೋಡೋಣ ಎಂದಳು. ಬ್ಯಾಂಡೇಜು ಸುತ್ತಿದ ಕೈಗಳಿಂದ ಪಾಲಯ್ಯನವರಿಗೆ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಅವಳು ತುತ್ತು ಕಲಸಿ ಬಾಯಿಗಿಡುವಾಗ ಅವರ ಕಣ್ಣಲ್ಲಿ ನೀರಾಡುತ್ತಿತ್ತು. "ನಿನಗೆ ಎಷ್ಟು ತ್ರಾಸ ಕೊಟ್ಟೆ," ಎನ್ನುತ್ತಿದ್ದರು. ಅವಳು ಇನ್ನೊಂದು ತುತ್ತು ಇಡುತ್ತಿದ್ದಳು, ಅವರು ಮುಂದೆ ಮಾತಾಡದಿರಲಿ ಎಂದು.

ಕರೆಂಟ್ ಮನೆಯಲ್ಲೂ ಎಲ್ಲರೂ ಅವಳ ಬಗ್ಗೆ ಮರುಕಪಟ್ಟರು. ಅಷ್ಟು ಎಚ್ಚರಿಕೆಯವಳ ಮನೆಯಲ್ಲೇ ಹೀಗಾಯಿತಲ್ಲ ಎಂದರು. ನಗರದ ವಿದ್ಯುತ್ ಸಮಿತಿಯವರು ಸೇರಿ ಒಂದು ಹೊಸ ನಿಯಮ ಮಾಡಿದರು. ಮರೆವಿನ ಕಾಯಿಲೆ ಇರುವ ಹಿರಿಯರ ಮನೆಗಳಲ್ಲಿ, ಬೇರೆಯವರು ಕೆಲಸಕ್ಕೆ ಹೋದ ಹೊತ್ತು ಸೆಲ್ಲಿನ ಡಬ್ಬ ಇರಕೂಡದು. ಬೆಳಗ್ಗೆ ತಂದು ಕರೆಂಟ್ ಮನೆಗೆ ಒಪ್ಪಿಸಿ ಸಂಜೆ ಒಯ್ಯಬೇಕು. ಎಂದರೆ ಅಂಥ ಮುದುಕರು ಬೇಸಿಗೆಯ ಹಗಲೆಲ್ಲ ಫ್ಯಾನಿಲ್ಲದೆ, ರೇಡಿಯೋ ಇಲ್ಲದೆ, ಕರೆ ಮಾಡುವ ಸಾಧನವೂ ಇಲ್ಲದೆ ಕೂರಬೇಕು. ಅಂಥ ಮನೆಗಳು ಬಡಾವಣೆಯ ಪ್ರತಿ ಬೀದಿಯಲ್ಲೂ ಇದ್ದವು. ನಿಯಮವನ್ನು ಜನ ಒಪ್ಪಬೇಕಾದರೆ ಅದು ಯಶೋಮತಿಯ ಧ್ವನಿಯಲ್ಲೇ ಬರಬೇಕು, ಸ್ವಂತ ಮನೆಯ ಅನುಭವವನ್ನು ಸೇರಿಸಿ ಹೇಳಿದರೆ ಇನ್ನೂ ಒಳ್ಳೆಯದು ಎಂದು ಸಮಿತಿ ಹೇಳಿಕಳಿಸಿತು. ಧ್ವನಿಮುದ್ರಣಕ್ಕೆ ಮೊದಲೇ ಕೆಲವು ಬೀದಿಗಳಲ್ಲಿ ಡಬ್ಬಗಳನ್ನು ವಾಪಸ್ಸು ತೆಗೆದುಕೊಳ್ಳಲು ಶುರುಮಾಡಿದ್ದರು. ಒಬ್ಬ ಅಜ್ಜಿ ಡಬ್ಬ ಕೊಡದೆ ಎದೆಗೆ ಅವುಚಿಕೊಂಡು ಕೂತುಬಿಟ್ಟಿದ್ದರಂತೆ, ನಾನೇನು ಮಾಡಿದೀನಿ ಅಂತ ಕೇಳುತ್ತಿದ್ದರಂತೆ. ಇದನ್ನು ಫೈರೋಜಾ ಬೇಸರದಿಂದ ಹೇಳಿದಳು.

ನಿಯಂತ್ರಣ ಕೋಣೆಯ ಬಾಗಿಲು ಮುಚ್ಚಿ, ಫೈರೋಜಾ ಮೈಕನ್ನು ಸರಿಪಡಿಸಿ ಶುರುಮಾಡಿ ಎಂದು ಕೈಸನ್ನೆ ಮಾಡಿದಳು. ಯಶೋಮತಿ, ನಮಸ್ಕಾರ, ನಾನು ಹೊಂಡದ ಬಡಾವಣೆಯ ಯಶೋಮತಿ ಎಂದು ಆರಂಭಿಸಿದಳು. ಮುಂದಿನ ಸಾಲು ನಮ್ಮ ಮನೆಯಲ್ಲಿ ಎಂದು ಶುರುವಾಗುತ್ತಿತ್ತು. ಆ ಎರಡು ಪದ ಹೇಳಿ ನಿಲ್ಲಿಸಿದಳು. ಮತ್ತೆ ಮೊದಲಿಂದ ಹೇಳಿದಳು, ಅಲ್ಲೇ ನಿಂತಳು. ಫೈರೋಜಾ ನೀರು ಕೊಟ್ಟಳು. ಯಶೋಮತಿ ನೀರು ಕುಡಿಯಲಿಲ್ಲ.

"ಮಾವ ಅದನ್ನ ಮುಟ್ಟೇ ಇಲ್ಲ," ಎಂದಳು. "ಜೋಡಿಸಿದ್ದು ನಾನು. ಈ ತೊಟ್ಟಿಯಿಂದ ತಗೊಂಡು ಹೋದೆ. ಅಳೀಲಿಲ್ಲ. ಮೀಟರ್ ಪಕ್ಕದಲ್ಲೇ ಇತ್ತು."

ಫೈರೋಜಾ ಮೈಕಿನ ಗುಂಡಿ ಆರಿಸಿದಳು. ಆಮೇಲೆ ಇಷ್ಟೇ ಕೇಳಿದಳು: "ಮನೇಲಿ ಹೇಳಿದ್ರಾ ಮೇಡಂ?"

"ಇಲ್ಲ."

"ಮೊದ್ಲು ಅಲ್ಲಿ ಹೇಳಿ ಬನ್ನಿ. ಸಮಿತಿಯವರು ಕಾಯ್ತಾರೆ."

ಯಶೋಮತಿ ಮನೆಗೆ ಹೋಗಿ ತಿಪ್ಪೇಶನಿಗೆ ಹೇಳಿದಳು. ಕೂಲರಿನ ವಿಷಯದಿಂದ ಹಿಡಿದು ಬಕೆಟ್ಟಿನ ಮುಂದೆ ತಾನು ಬಾಯಿ ಮುಚ್ಚಿಕೊಂಡದ್ದರವರೆಗೆ ಒಂದನ್ನೂ ಬಿಡಲಿಲ್ಲ. ಅವಳು ಮುಗಿಸಿದ ಮೇಲೆ ಅವನು ಎದ್ದು ಹೋಗಿ ಸುತ್ತಿಗೆ ತಂದು ನಡುಬಾಗಿಲಿನ ಬೀಗವನ್ನು ಚಿಲಕ ಸಮೇತ ಕಿತ್ತುಹಾಕಿದ. ಕೀಲಿ ಅವನ ಜೇಬಿನಲ್ಲೇ ಇತ್ತು. ಗಿರಿಜಕ್ಕನಿಗೆ ಫೋನ್ ಮಾಡಿ ನೀನೇ ಹೇಳು ಎಂದ. ಅವಳು ಹೇಳಿದಳು. ಗಿರಿಜಕ್ಕ, ಅಪ್ಪನಿಗೆ ನಾನೂ ಬೈದುಬಿಟ್ಟೆನಲ್ಲ ಎಂದು ಅತ್ತು ಫೋನ್ ಇಟ್ಟಳು.

ಆಮೇಲೆ ಸಮಿತಿಯವರಿಗೂ ಹೇಳಿದಳು. ಸಮಿತಿ ಅವಳನ್ನು ಮುಖ್ಯಸ್ಥೆಯ ಸ್ಥಾನದಿಂದ ತೆಗೆದು ತಿರಸ್ಕೃತ ಸೆಲ್ಲುಗಳನ್ನು ವಿಂಗಡಿಸುವ ಮೇಜಿಗೆ ಹಾಕಿತು. ಅವಳು ಕೇಳಿಕೊಂಡ ಮೇಲೆ, ನಡೆದದ್ದನ್ನು ನಡೆದ ಹಾಗೆಯೇ ಅವಳ ಧ್ವನಿಯಲ್ಲಿ ಮುದ್ರಿಸಿ ಒಂದು ವಾರ ಎಲ್ಲ ಕಡೆ ಹಾಕಿದರು. ಸಾಲಿನಲ್ಲಿ ನಿಂತ ಜನ ಅದನ್ನು ಕೇಳಿಸಿಕೊಂಡು ಮೇಜಿನ ಕಡೆ ನೋಡುತ್ತಿದ್ದರು. ಅವಳು ತಲೆ ಎತ್ತದೆ ಸೆಲ್ಲುಗಳನ್ನು ಅಳೆಯುತ್ತಿದ್ದಳು. ಕೆಲವರು ಮಾತಾಡಿಸಿದರು, ಕೆಲವರು ಬಿಟ್ಟರು. ಹೊಸ ನಿಯಮವನ್ನು ಸಮಿತಿ ಕೂಡಲೇ ರದ್ದು ಮಾಡಲಿಲ್ಲ, ಪರಿಶೀಲಿಸುತ್ತೇವೆ ಎಂದಿತು. ಫೈರೋಜಾ ಬಿಡದೆ ಓಡಾಡಿದ್ದರಿಂದ ಡಬ್ಬಗಳು ನಿಧಾನವಾಗಿ ಮನೆಗಳಿಗೆ ಮರಳಿದವು. ಡಬ್ಬ ಅವುಚಿಕೊಂಡು ಕೂತಿದ್ದ ಅಜ್ಜಿಗೆ ಮಾತ್ರ ಅದು ಮರಳಲಿಲ್ಲ. ಅಷ್ಟರೊಳಗೆ ಅವರ ಮಗ ಅವರನ್ನು ಬೇರೆ ಊರಿಗೆ ಸಾಗಿಸಿದ್ದ.

ಪಾಲಯ್ಯನವರಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮೊದಲ ದಿನ ಅವರ ಕಾಲ ಬಳಿ ಕೂತು ಹೇಳಿದಾಗ ಅವರು ನಂಬಲಿಲ್ಲ. ನನ್ನ ಉಳಿಸೋಕೆ ನೀನು ಮೈಮೇಲೆ ಹಾಕ್ಕೋತಿದೀಯ ಎಂದರು. ತಿಪ್ಪೇಶನೂ ಹೇಳಿದ ಮೇಲೆ ನಂಬಿದರು. ಹೋಗಲಿ ಬಿಡು ತಾಯಿ ಎಂದು ಬ್ಯಾಂಡೇಜಿನ ಕೈಯನ್ನು ಅವಳ ತಲೆಯ ಮೇಲಿಟ್ಟರು. ಯಶೋಮತಿ ಅವತ್ತು ಅತ್ತು ಹಗುರಾದಳು. ಮಾರನೆಯ ಬೆಳಗ್ಗೆ ಕಾಫಿ ಕುಡಿಸಲು ಹೋದಾಗ ಅವರು ಕೈಗಳನ್ನು ನೋಡಿಕೊಂಡು, ನಂದೇ ತಪ್ಪು ಕಣಮ್ಮ, ಮುಟ್ಬೇಡ ಅಂದಿದ್ದೆ ನೀನು ಎಂದರು. ಬೆಂಕಿ ನೆನಪಿತ್ತು, ತಪ್ಪು ತಮ್ಮದೆಂಬುದು ನೆನಪಿತ್ತು. ಅವಳು ಹೇಳಿದ್ದೊಂದೇ ಉಳಿದಿರಲಿಲ್ಲ.

ಅವಳು ಮತ್ತೆ ಹೇಳಿದಳು. ಅದರ ಮರುದಿನವೂ ಹೇಳಿದಳು. ಕೆಲವು ದಿನ ಅವರು ನಕ್ಕುಬಿಡುತ್ತಿದ್ದರು. ಕೆಲವು ದಿನ ರಿಪೇರಿ ಅಂಗಡಿಯ ಕಾಲದ ಗತ್ತಿನಲ್ಲಿ, ಮೀಟರ್ ಇಟ್ಟು ನೋಡ್ಬೇಕಿತ್ತು ಅಲ್ವಾ ಎಂದು ಕೇಳುತ್ತಿದ್ದರು. ಹೌದು ಮಾವ, ನೋಡಬೇಕಿತ್ತು ಎನ್ನುತ್ತಿದ್ದಳು. ಎಷ್ಟು ಸಲ ಹೇಳಿದರೂ ಮೊದಲನೆಯ ವಾಕ್ಯ ನಾಲಿಗೆಗೆ ಒಗ್ಗಲಿಲ್ಲ. ಕ್ಷಮೆ ಪ್ರತಿದಿನವೂ ಸಿಗುತ್ತಿತ್ತು, ಬೆಳಗಾಗುವಷ್ಟರಲ್ಲಿ ಅದು ಇರುತ್ತಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಗಾಯ ಮಾಯಿತು. ಅಂಗೈಗಳಲ್ಲಿ ನಯವಾದ ಗುಲಾಬಿ ಕಲೆ ಉಳಿಯಿತು, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಪಾಲಯ್ಯನವರ ನೆನಪೂ ಇನ್ನಷ್ಟು ಹಿಂದೆ ಸರಿದಿತ್ತು. ಒಂದು ದಿನ ಜಗಲಿಯ ಬಿಸಿಲಲ್ಲಿ ಕೂತು ಅವರು ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅವಳು ಎದುರಿಗೆ ಅವರೆಕಾಯಿ ಸುಲಿಯುತ್ತಿದ್ದಳು.

"ಇದೇನಮ್ಮ ಇದು, ನನ್ನ ಕೈ ಯಾಕೆ ಹಿಂಗಾಗಿದೆ?"

ಈ ಸಲ ಅವರು ತಪ್ಪು ತಮ್ಮದೆನ್ನಲಿಲ್ಲ. ಬೆಂಕಿಯೇ ಅವರಿಗೆ ಮರೆತುಹೋಗಿತ್ತು. ಬಾಗಿಲಲ್ಲಿದ್ದ ತಿಪ್ಪೇಶ ಅವಳತ್ತ ನೋಡಿ, ಬೇಡ ಎಂಬಂತೆ ತಲೆಯಾಡಿಸಿದ. ಹಳೇ ಗಾಯ ಅಪ್ಪ ಎಂದು ಹೇಳಿ ಒಳಗೆ ಹೋದ. ಅಲ್ಲಿಗೆ ಮುಗಿಯಬಹುದಿತ್ತು. ಯಶೋಮತಿ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನಾನು ಸುಟ್ಟಿದ್ದು ಮಾವ," ಎಂದಳು. "ನೆಂಟರ ಮುಂದೆ ಕೂಲರ್ ಓಡ್ಬೇಕು ಅಂತ ಕೆಟ್ಟ ಸೆಲ್ಲು ತಂದು ನಿಮ್ಮ ಚಾರ್ಜರಿಗೆ ಹಾಕಿದ್ದೆ. ಬಿಟ್ಟು ಹೋದೆ. ನೀವು ಎತ್ತಿ ಹೊರಗೆ ಹಾಕಿದ್ರಿ. ನೀವೇ ಮಾಡಿದ್ದು ಅಂತ ಎಲ್ಲರೂ ಅಂದ್ರು, ನಾನು ಸುಮ್ಮನಿದ್ದೆ."

ಪಾಲಯ್ಯನವರು ಅವಳನ್ನೇ ನೋಡಿದರು. ಯಾರ ಮಾತನ್ನೋ ಮೊದಲ ಸಲ ಕೇಳುತ್ತಿರುವವರ ಹಾಗೆ ಅವರ ಮುಖ ನಿಧಾನವಾಗಿ ಬಿಗಿಯಿತು. ನನ್ನ ಚಾರ್ಜರಾ ಎಂದು ಕೇಳಿದರು. ಹೌದು ಎಂದಳು. ಎಲ್ಲರ ಮುಂದೆ ಸುಮ್ಮನಿದ್ದೆಯಾ ಎಂದು ಕೇಳಿದರು. ಹೌದು ಎಂದಳು.

"ಎದ್ದು ಹೋಗು ಇಲ್ಲಿಂದ."

ಅವರು ಹಾಗೆ ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಯಶೋಮತಿ ಎದ್ದು ಒಳಗೆ ಹೋದಳು. ಮಧ್ಯಾಹ್ನ ಅವಳು ತಟ್ಟೆ ತಂದಿಟ್ಟರೆ ಅವರು ಮುಖ ತಿರುಗಿಸಿದರು. ತಿಪ್ಪೇಶ ಬಂದು ತುತ್ತು ಕೊಟ್ಟ ಮೇಲೆಯೇ ಉಂಡರು. ಸಂಜೆ ದೀಪ ಹಚ್ಚುವಾಗಲೂ ಅವರು ಅವಳೊಡನೆ ಮಾತಾಡಲಿಲ್ಲ. ನಾಳೆ ಅವರು ಇದನ್ನೂ ಮರೆತು ಅಕ್ಕರೆಯಿಂದ ಕಾಫಿಗೆ ಕೂಗುತ್ತಾರೆಂದು ಅವಳಿಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲ ಪಕ್ಕ ಕೂತು, ಆ ಕೋಪ ಇನ್ನಷ್ಟು ಹೊತ್ತು ಉಳಿಯಲಿ ಎಂದು ಅವಳು ಕಾಯುತ್ತಿದ್ದಳು.